ಹೋಗಿರುವುದು ಕಾರ್ಟ್ರಿಜ್, ನಲ್ಲಿ ಅಲ್ಲ

ಪ್ರಶ್ನೆ: ಸರ್, ನಮ್ಮದು ಚಿಂತಾಮಣಿ. ಮನೆ ಕಟ್ಟಿ ಐದು ವರ್ಷ ಆಯ್ತು. ಅಡುಗೆಮನೆ ಸಿಂಕಿಗೆ ಹಾಕಿಸಿದ ಸಿಂಗಲ್ ಲಿವರ್ ನಲ್ಲಿ (ಬಿಸಿನೀರು, ತಣ್ಣೀರು ಎರಡಕ್ಕೂ ಒಂದೇ ಹಿಡಿ ಇರೋದು) ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಹಿಡಿಯನ್ನು ಎಷ್ಟು ಒತ್ತಿದರೂ ನಿಲ್ಲಲ್ಲ. ರಾತ್ರಿ ಹತ್ತಕ್ಕೆ ಬಕೆಟ್ ಇಟ್ಟರೆ ಬೆಳಗ್ಗೆ ಆರಕ್ಕೆ ಐದು ಲೀಟರ್ ತುಂಬಿರುತ್ತೆ. ಪ್ಲಂಬರ್ ಬಂದು ನೋಡಿ, ‘ಒಳಗಿನದು ಹೋಗಿದೆ, ನಲ್ಲಿಯನ್ನೇ ಬದಲಿಸಿಬಿಡಿ’ ಅಂದರು. ಹೊಸದಕ್ಕೆ ನಾಲ್ಕು ಸಾವಿರದ ಮೇಲಾಗುತ್ತೆ. ಒಳಗಿನದನ್ನು ಮಾತ್ರ ಬದಲಿಸೋಕೆ ಆಗಲ್ವಾ? ನಾವೇ ಮಾಡಿಕೊಳ್ಳಬಹುದಾ? ಐದೇ ವರ್ಷಕ್ಕೆ ಹೋಗಿದ್ದು ಯಾಕೆ? ನಮ್ಮದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ.

ಉತ್ತರ: ಖಂಡಿತ ಆಗುತ್ತದೆ. ನಿಮ್ಮ ಪ್ಲಂಬರ್ ಹೇಳಿದ್ದರಲ್ಲಿ ಅರ್ಧ ಸರಿ. ಒಳಗಿನದು ಹೋಗಿದೆ, ನಿಜ. ಅದಕ್ಕಾಗಿ ಇಡೀ ನಲ್ಲಿ ಎಸೆಯಬೇಕಾಗಿಲ್ಲ. ಒಳಗಿನ ಆ ಭಾಗವನ್ನು ಅಂಗಡಿಯವರು ಕಾರ್ಟ್ರಿಜ್ ಅನ್ನುತ್ತಾರೆ. ಕೆಲವು ನೂರು ರೂಪಾಯಿಗೆ ಬರುತ್ತದೆ. ಹಿತ್ತಾಳೆ ಬಾಡಿಯ ನಲ್ಲಿ ಐದು ವರ್ಷಕ್ಕೆ ಮುಗಿದುಹೋಗುವ ಸಾಮಾನಲ್ಲ. ಸವೆಯುವ ಭಾಗವನ್ನು ಬಿಚ್ಚಿ ಬದಲಿಸಲಿ ಅಂತಲೇ ಅದನ್ನು ಹಾಗೆ ಮಾಡಿರುತ್ತಾರೆ.

ಪ್ಲಂಬರ್ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಕಾರ್ಟ್ರಿಜ್ ಬದಲಿಸಬೇಕೆಂದರೆ ಅವರು ಒಮ್ಮೆ ಬಂದು ಹಳೆಯದನ್ನು ಬಿಚ್ಚಬೇಕು. ಅದನ್ನು ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಬೇಕು. ಸಿಕ್ಕಿದರೆ ಮತ್ತೆ ಬಂದು ಕೂರಿಸಬೇಕು. ಅರ್ಧ ದಿನ ಹೋಯಿತು. ಅಷ್ಟಕ್ಕೆ ಕೊಡಬೇಕಾದ ಕೂಲಿಯನ್ನು ಯಾವ ಮನೆಯವರೂ ಮನಸ್ಸಾರೆ ಕೊಡುವುದಿಲ್ಲ. ‘ಒಂದು ಸಣ್ಣ ಡಬ್ಬಿ ಹಾಕಿದ್ದಕ್ಕೆ ಇಷ್ಟಾ?’ ಅನ್ನುತ್ತಾರೆ. ಹೊಸ ನಲ್ಲಿಯಾದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಹಳೆಯದನ್ನು ನೀವೇ ಬಿಚ್ಚಿ, ಕಾರ್ಟ್ರಿಜ್ ತಂದಿಟ್ಟು ಕರೆದರೆ ಅದೇ ಪ್ಲಂಬರ್ ಖುಷಿಯಿಂದ ಕೂರಿಸಿಕೊಡುತ್ತಾರೆ. ಆದರೆ ಅಲ್ಲಿಯವರೆಗೆ ಮಾಡಿದವರಿಗೆ ಕೂರಿಸುವುದೂ ಕಷ್ಟವಲ್ಲ.

ಬಕೆಟ್ ಇಟ್ಟು ಅಳೆದಿದ್ದೀರಲ್ಲ, ಬಹಳ ಒಳ್ಳೆಯ ಕೆಲಸ. 8 ಗಂಟೆಗೆ 5 ಲೀಟರ್ ಅಂದರೆ ದಿನಕ್ಕೆ 15, ತಿಂಗಳಿಗೆ 450. ಹೀಗೇ ಬಿಟ್ಟರೆ ವರ್ಷಕ್ಕೆ ಸುಮಾರು 5,500 ಲೀಟರ್. ಬೇಸಿಗೆಯಲ್ಲಿ ನೀವು ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್ ನೀರು ಸಿಂಕಿನ ತೂತಿಗೆ ಹೋದ ಹಾಗಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಇಲ್ಲೇ ಹುಟ್ಟುತ್ತವೆ, ಆದರೆ ಮಳೆ ಬಿದ್ದಾಗಷ್ಟೇ ನೀರು ಕಾಣುತ್ತವೆ. ಬೋರ್‌ವೆಲ್ ಸಾವಿರ ಅಡಿ ದಾಟುವುದು ಈಗ ಸಾಮಾನ್ಯ. ಅಷ್ಟು ಆಳದಿಂದ ಕರೆಂಟು ಸುಟ್ಟು ಎತ್ತಿದ ನೀರು ಹನಿ ಹನಿಯಾಗಿ ಹೋಗುವುದು ನನಗಂತೂ ನೋಡಲಾಗುವುದಿಲ್ಲ. ಹಾಗಾಗಿ ಎರಡು ತಿಂಗಳು ಆಗಿದ್ದು ಸಾಕು, ಈ ಭಾನುವಾರವೇ ಮಾಡಿಬಿಡಿ.

ಬಿಚ್ಚುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿಕೊಳ್ಳಿ. ನಲ್ಲಿಯ ಬಾಯಿಯಿಂದ ತೊಟ್ಟಿಕ್ಕಿದರೆ ಕಾರ್ಟ್ರಿಜ್‌ದೇ ಕೆಲಸ. ಆಚೀಚೆ ತಿರುಗುವ ಕೊಕ್ಕಿನ ಬುಡದಲ್ಲಿ ಒದ್ದೆಯಾದರೆ ಅಲ್ಲಿರುವ ಓ-ರಿಂಗ್ ಹೋಗಿರುತ್ತದೆ. ಅದು ಬರೀ ರಬ್ಬರ್ ಬಳೆ. ಸಿಂಕಿನ ಕೆಳಗೆ ಕಪಾಟು ಒದ್ದೆಯಾಗುತ್ತಿದ್ದರೆ ಕನೆಕ್ಷನ್ ಪೈಪಿನ ತುದಿ ನೋಡಿ. ಇನ್ನೊಂದು ಮಾತು. ನಲ್ಲಿ ನಿಲ್ಲಿಸಿದ ಮೇಲೆ ಕೊಕ್ಕಿನೊಳಗೆ ಉಳಿದ ನೀರು ಸ್ವಲ್ಪ ಹೊತ್ತು ನಾಲ್ಕಾರು ಹನಿ ಬಿದ್ದು ತಾನಾಗಿ ನಿಲ್ಲುತ್ತದೆ. ಅದು ಸೋರಿಕೆಯಲ್ಲ. ಎಷ್ಟೋ ಜನ ಅದನ್ನು ನೋಡಿ ಗಾಬರಿಯಾಗಿ ಹಿಡಿಯನ್ನು ಅಮುಕಿ ಅಮುಕಿ ಚೆನ್ನಾಗಿದ್ದ ಕಾರ್ಟ್ರಿಜ್ ಅನ್ನೇ ಹಾಳು ಮಾಡಿಕೊಳ್ಳುತ್ತಾರೆ. ನಿಮ್ಮದು ರಾತ್ರಿಯಿಡೀ ಬೀಳುತ್ತಿರುವುದರಿಂದ ಅನುಮಾನವೇ ಇಲ್ಲ.

ಇನ್ನೂ ಖಚಿತ ಮಾಡಿಕೊಳ್ಳಬೇಕೆಂದರೆ ಸಿಂಕಿನ ಕೆಳಗೆ, ನಲ್ಲಿಗೆ ಹೋಗುವ ನೀರನ್ನು ನಿಲ್ಲಿಸಲು ಇರುವ ಎರಡು ಆಂಗಲ್ ಕಾಕ್‌ಗಳಲ್ಲಿ ಒಂದನ್ನು ಮುಚ್ಚಿ ಐದು ನಿಮಿಷ ಬಿಟ್ಟು ನೋಡಿ. ತಣ್ಣೀರಿನದು ಮುಚ್ಚಿದಾಗ ಹನಿ ನಿಂತರೆ ಸೋರುತ್ತಿರುವುದು ಆ ಕಡೆ. ಬಿಸಿನೀರಿನದು ಮುಚ್ಚಿದಾಗ ನಿಂತರೆ ಈ ಕಡೆ. ಗೀಸರ್ ನೀರು ಸೋರುತ್ತಿದ್ದರೆ ನೀರಿನ ಜೊತೆ ಕರೆಂಟೂ ಹೋಗುತ್ತಿದೆ ಅಂತ ಲೆಕ್ಕ. ಕಾರ್ಟ್ರಿಜ್ ಒಂದೇ ಆದ್ದರಿಂದ ಯಾವ ಕಡೆಯಾದರೂ ಅದನ್ನೇ ಬದಲಿಸಬೇಕು. ಆದರೂ ಈ ಪರೀಕ್ಷೆ ಮಾಡಿ. ಆಂಗಲ್ ಕಾಕ್ ಸರಿಯಾಗಿ ಮುಚ್ಚುತ್ತದೋ ಇಲ್ಲವೋ ಅನ್ನುವುದು ಈಗಲೇ ಗೊತ್ತಾಗಿಬಿಡುತ್ತದೆ.

ಈ ಡಬ್ಬಿಯೊಳಗೆ ಏನಿದೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಕಾರ್ಟ್ರಿಜ್ ಅಂದರೆ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಪಿಂಗಾಣಿಯಂತೆ ಕಾಣುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ಅಲ್ಲಾಡುವುದಿಲ್ಲ. ಅದರಲ್ಲಿ ಮೂರು ತೂತು: ಬಿಸಿನೀರು ಬರಲು ಒಂದು, ತಣ್ಣೀರು ಬರಲು ಒಂದು, ಎರಡೂ ಸೇರಿ ಹೊರಗೆ ಹೋಗಲು ಒಂದು. ನೀವು ಹಿಡಿಯನ್ನು ಎತ್ತಿದಾಗ ಮೇಲಿನ ಬಿಲ್ಲೆ ಜಾರಿ ತೂತುಗಳನ್ನು ತೆರೆಯುತ್ತದೆ. ಇಳಿಸಿದಾಗ ಮುಚ್ಚುತ್ತದೆ. ಎರಡು ಬಿಲ್ಲೆಗಳ ನಡುವೆ ರಬ್ಬರ್ ಇಲ್ಲ, ವಾಷರ್ ಇಲ್ಲ. ಮುಖಗಳನ್ನು ಎಷ್ಟು ನುಣುಪಾಗಿ ಉಜ್ಜಿರುತ್ತಾರೆ ಅಂದರೆ, ಒದ್ದೆ ಮಾಡಿ ಒಂದರ ಮೇಲೊಂದು ಇಟ್ಟ ಎರಡು ಗಾಜಿನ ತುಂಡುಗಳ ಹಾಗೆ ಅಂಟಿಕೊಳ್ಳುತ್ತವೆ. ನಡುವೆ ನೀರು ನುಸುಳುವುದಿಲ್ಲ.

ಈ ಬಿಲ್ಲೆಗಳು ಅಲ್ಯುಮಿನಾದವು. ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರ 10, ಅಲ್ಯುಮಿನಾ 9ರ ಹತ್ತಿರ. ನಮ್ಮ ಸೀಮೆಯ ಮರಳು ಬಹುಪಾಲು ಗ್ರಾನೈಟ್ ಬಂಡೆ ಪುಡಿಯಾಗಿ ಬಂದ ಬೆಣಚು, ಅದು 7. ಅಂದರೆ ಮರಳಿಗಿಂತ ಬಿಲ್ಲೆಯೇ ಗಟ್ಟಿ. ಹಾಗಾದರೆ ಕಾರ್ಟ್ರಿಜ್ ಯಾಕೆ ಹೋಗುತ್ತದೆ? ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಹೆಚ್ಚಿನ ಸಲ ಬಿಲ್ಲೆ ಸವೆದಿರುವುದೇ ಇಲ್ಲ. ಎರಡರ ನಡುವೆ ಮರಳಿನ ಕಾಳೊಂದು ಸಿಕ್ಕಿಕೊಂಡು ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿರುತ್ತದೆ. ಇಲ್ಲವೇ ತೂತಿನ ಅಂಚಿನಲ್ಲಿ ಸುಣ್ಣ ಕಟ್ಟಿಕೊಂಡಿರುತ್ತದೆ. ಡಬ್ಬಿಯ ಅಡಿಯಲ್ಲಿ ಮೂರು ತೂತುಗಳ ಸುತ್ತ ರಬ್ಬರ್ ಸೀಲ್ ಇರುತ್ತದೆ, ಅದು ಚಪ್ಪಟೆಯಾಗಿ ಗಟ್ಟಿಯಾಗಿರುವುದೂ ಉಂಟು. ಒಳಗಿನ ಗ್ರೀಸ್ ತೊಳೆದುಹೋದರೆ ಹಿಡಿ ಬಿಗಿಯಾಗುತ್ತದೆ. ಬಿಗಿಯಾದದ್ದನ್ನು ನಾವು ಒತ್ತಿ ತಿರುಗಿಸುತ್ತೇವೆ. ಆಗ ಒಳಗಿನ ಪ್ಲಾಸ್ಟಿಕ್ ಕಡ್ಡಿ ಸೀಳು ಬಿಡುತ್ತದೆ. ಹಿಡಿಯನ್ನು ಬಲವಾಗಿ ಅಮುಕಿದರೆ ಸೋರುವುದು ನಿಲ್ಲುತ್ತದೆ ಅನ್ನುವುದು ಹಳೇ ತಿರುಪು ನಲ್ಲಿಯ ಅಭ್ಯಾಸ. ಅಲ್ಲಿ ರಬ್ಬರ್ ವಾಷರ್ ಒತ್ತಿ ಕೂರಬೇಕಿತ್ತು. ಇಲ್ಲಿ ಒತ್ತಡದಿಂದ ಏನೂ ಉಪಯೋಗವಿಲ್ಲ. ಮನೆಯಲ್ಲಿ ಎಲ್ಲರಿಗೂ ಈ ಮಾತು ಹೇಳಿಬಿಡಿ.

ಇನ್ನು ಕೆಲಸಕ್ಕೆ ಬರೋಣ. ಬೇಕಾಗುವುದು ಒಂದು ಅಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಸೆಟ್, ಒಂದು ಸ್ಕ್ರೂಡ್ರೈವರ್, ಬಾಯಿ ಹಿಗ್ಗಿಸಿ ಕುಗ್ಗಿಸುವ ಒಂದು ಸ್ಪ್ಯಾನರ್, ಹಳೇ ಟೂತ್‌ಬ್ರಷ್, ಸ್ವಲ್ಪ ಬಿಳಿ ವಿನಿಗರ್, ಹಳೇ ಬಟ್ಟೆ. ಕಟಿಂಗ್ ಪ್ಲೇಯರ್‌ನಿಂದ ಎಲ್ಲವನ್ನೂ ಬಿಚ್ಚಲು ಹೋಗಬೇಡಿ, ಕ್ರೋಮ್ ಮೇಲೆ ಹಲ್ಲಿನ ಗುರುತು ಉಳಿಯುತ್ತದೆ.

ಮೊದಲು ಗೀಸರ್ ಆಫ್ ಮಾಡಿ. ಆಮೇಲೆ ಎರಡೂ ಆಂಗಲ್ ಕಾಕ್ ಮುಚ್ಚಿ. ವರ್ಷಗಟ್ಟಲೆ ಮುಟ್ಟದ ಆಂಗಲ್ ಕಾಕ್ ಬಿಗಿದುಕೊಂಡಿರಬಹುದು. ಜಗ್ಗಬೇಡಿ. ಬಲವಾಗಿ ತಿರುಗಿಸಿ ಅದರ ಕತ್ತು ಮುರಿದರೆ ನೀರು ನಿಲ್ಲಿಸುವುದಕ್ಕೆ ತಾರಸಿಗೆ ಓಡಬೇಕಾಗುತ್ತದೆ. ಅದು ಮುಚ್ಚದಿದ್ದರೆ ಮೊದಲೇ ತಾರಸಿಗೆ ಹೋಗಿ ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್ ವಾಲ್ವ್ ಮುಚ್ಚಿ ಬನ್ನಿ. ಎಲ್ಲ ನಲ್ಲಿಗಳಿಗೂ ನೀರು ನಿಲ್ಲುತ್ತದೆ, ಹಾಗಾಗಿ ಅಡುಗೆ, ಸ್ನಾನ ಮುಗಿದ ಮೇಲೆ ಶುರು ಮಾಡಿ. ನೀರು ನಿಲ್ಲಿಸಿದ ಮೇಲೆ ನಲ್ಲಿಯನ್ನು ಪೂರ್ತಿ ತೆರೆದು, ಹಿಡಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಉಳಿದ ನೀರು ಇಳಿಯಲು ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ. ಹಿಡಿಯಲ್ಲಿರುವ ತಿರುಪು ಅಕ್ಕಿಕಾಳಿನಷ್ಟೇ ಇರುತ್ತದೆ. ಸಿಂಕಿನೊಳಗೆ ಬಿದ್ದರೆ ಹೋಯಿತು, ಅದೊಂದಕ್ಕಾಗಿ ಊರೆಲ್ಲ ಹುಡುಕಬೇಕು.

ಹಿಡಿಯ ಮುಂದೆ ಅಥವಾ ಹಿಂದೆ ಕೆಂಪು-ನೀಲಿ ಬಣ್ಣದ ಪುಟ್ಟ ಬಿಲ್ಲೆ ಕಾಣುತ್ತದಲ್ಲ, ಅದನ್ನು ಉಗುರಿನಿಂದಲೋ ತೆಳು ಸ್ಕ್ರೂಡ್ರೈವರ್‌ನಿಂದಲೋ ಮೆಲ್ಲಗೆ ಎಬ್ಬಿಸಿ. ಒಳಗೆ ತಿರುಪು ಇದೆ. ಹೆಚ್ಚಿನವಕ್ಕೆ 2.5 ಮಿ.ಮೀ. ಅಲೆನ್ ಕೀ ಹಿಡಿಯುತ್ತದೆ, ಕೆಲವಕ್ಕೆ 3 ಬೇಕು. ಕೀ ಪೂರ್ತಿ ಒಳಗೆ ಇಳಿದಿದೆಯಾ ಅಂತ ನೋಡಿಕೊಂಡೇ ತಿರುಗಿಸಿ. ಅರ್ಧಂಬರ್ಧ ಕೂತ ಕೀ ಜಾರಿ ತಿರುಪಿನ ಮೂಲೆ ಉರುಟಾದರೆ ಆಮೇಲೆ ಬಿಚ್ಚುವುದು ಬಹಳ ಕಷ್ಟ. ತಿರುಪನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಸಡಿಲವಾದರೆ ಹಿಡಿ ಮೇಲಕ್ಕೆ ಬರುತ್ತದೆ. ಬರದಿದ್ದರೆ ಒಳಗೆ ಸುಣ್ಣ ಹಿಡಿದಿದೆ. ಆಚೀಚೆ ಅಲ್ಲಾಡಿಸುತ್ತಾ ಎತ್ತಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ.

ಹಿಡಿಯ ಕೆಳಗೆ ಗುಮ್ಮಟದ ಹಾಗಿರುವ ಕ್ರೋಮ್ ಮುಚ್ಚಳ ಇರುತ್ತದೆ. ಅದು ಕೈಯಲ್ಲೇ ಬಿಚ್ಚಿಕೊಳ್ಳಬೇಕು. ಒದ್ದೆ ಕೈಗೆ ಜಾರಿದರೆ ಒಣ ಬಟ್ಟೆ ಸುತ್ತಿ ತಿರುಗಿಸಿ. ಅದರ ಕೆಳಗೆ ಹಿತ್ತಾಳೆಯ ದೊಡ್ಡ ನಟ್. ಕಾರ್ಟ್ರಿಜ್ ಅನ್ನು ಅದುಮಿ ಹಿಡಿದಿರುವುದು ಇದೇ. ಇದಕ್ಕೆ ಸ್ಪ್ಯಾನರ್ ಬೇಕು.

ಇಲ್ಲಿ ಒಂದು ಕ್ಷಣ ನಿಲ್ಲಿ. ಸ್ಪ್ಯಾನರ್ ಹಾಕುವ ಮೊದಲು ಇನ್ನೊಂದು ಕೈಯಲ್ಲಿ ನಲ್ಲಿಯ ಬುಡವನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ಹಿಡಿಯಲು ಹೇಳಿ. ನೀವು ನಟ್ ತಿರುಗಿಸುವಾಗ ಇಡೀ ನಲ್ಲಿ ತಿರುಗಿದರೆ ಕೆಳಗಿನ ಕನೆಕ್ಷನ್ ಪೈಪುಗಳು ಹೊಸೆದುಕೊಂಡು ಬುಡದಲ್ಲಿ ಸೋರಲು ಶುರುವಾಗುತ್ತವೆ. ಗೋಡೆಗೆ ಹಾಕಿದ ನಲ್ಲಿಯಾದರೆ ಇನ್ನೂ ಅಪಾಯ. ಒಳಗಿರುವ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಗೋಡೆಯೊಳಗೇ ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕಾಗುತ್ತದೆ. ಸಾವಿರಗಟ್ಟಲೆ ಖರ್ಚು ತಂದಿಡುವ ಜಾಗ ಇದೊಂದೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ನಟ್ ಮಿಸುಕದಿದ್ದರೆ ಬಟ್ಟೆಯನ್ನು ವಿನಿಗರ್‌ನಲ್ಲಿ ಅದ್ದಿ ಸುತ್ತಿ, ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಡಿ. ಸುಣ್ಣ ಮೆತ್ತಗಾಗುತ್ತದೆ. ಆಮೇಲೆ ನೀರಿನಿಂದ ಒರೆಸಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಹೊಳಪು ಹೋಗಬಹುದು. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಸುಣ್ಣದ ಜೊತೆಗೆ ಕ್ರೋಮ್, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಅದರ ಹೊಗೆಯೂ ಒಳ್ಳೆಯದಲ್ಲ. ಬ್ಲೀಚಿಂಗ್ ಪೌಡರ್ ಜೊತೆ ಬೆರೆತರೆ ವಿಷಗಾಳಿಯೇ ಹುಟ್ಟುತ್ತದೆ.

ನಟ್ ತೆಗೆದ ಮೇಲೆ ಕಾರ್ಟ್ರಿಜ್ ಅನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಎಳೆಯುವ ಮೊದಲು ಅದು ಯಾವ ಕಡೆಗೆ ಮುಖ ಮಾಡಿ ಕೂತಿದೆ ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಹೊರಗೆ ಬಂದದ್ದನ್ನು ತಿರುಗಿಸಿ ಅಡಿ ನೋಡಿ. ನಿಮ್ಮ ನೀರಿನ ಕಥೆ ಪೂರ್ತಿ ಅಲ್ಲಿ ಕಾಣುತ್ತದೆ. ರಬ್ಬರ್ ಸುತ್ತ ಬಿಳಿ ಹೆಕ್ಕಳಿಕೆ ಇದ್ದರೆ ಗಡಸು ನೀರು. ಬೆರಳಿಗೆ ಚುರುಚುರು ಅನ್ನುವ ಕಾಳು ಸಿಕ್ಕರೆ ಮರಳು. ಕಂದು ಬಣ್ಣದ ಜಾರು ಕೆಸರಿದ್ದರೆ ಟ್ಯಾಂಕ್ ತೊಳೆದು ಬಹಳ ದಿನ ಆಗಿದೆ. ಚಿಂತಾಮಣಿಯ ಬೋರ್‌ವೆಲ್ ನೀರಿಗೆ ಬೇಸಿಗೆಯ ಟ್ಯಾಂಕರ್ ನೀರೂ ಸೇರಿರುವುದರಿಂದ ಮೂರೂ ಇದ್ದರೆ ಆಶ್ಚರ್ಯವಿಲ್ಲ.

ಸುಮ್ನೆ ಅಂಗಡಿಗೆ ಓಡುವ ಮೊದಲು ಒಂದು ಪ್ರಯತ್ನ ಮಾಡಿ ನೋಡಬಹುದು. ಅರ್ಧ ಲೋಟ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಹಳೇ ಕಾರ್ಟ್ರಿಜ್ ಅನ್ನು ಅದರಲ್ಲಿ ಮುಳುಗಿಸಿ ಒಂದೆರಡು ಗಂಟೆ ಇಡಿ. ಸುಣ್ಣ ಇದ್ದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಡುತ್ತಿದೆ ಅಂತ ಅರ್ಥ. ಆಮೇಲೆ ಟೂತ್‌ಬ್ರಷ್‌ನಿಂದ ಅಡಿಯ ರಬ್ಬರ್, ತೂತುಗಳನ್ನು ಉಜ್ಜಿ ಚೆನ್ನಾಗಿ ತೊಳೆದು ಮತ್ತೆ ಹಾಕಿ. ಎಷ್ಟೋ ಸಲ ಸೋರುವುದು ನಿಂತೇ ಬಿಡುತ್ತದೆ. ಆದರೆ ಐದು ವರ್ಷ ಒತ್ತಿಸಿಕೊಂಡು ಚಪ್ಪಟೆಯಾದ ರಬ್ಬರ್ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಇದನ್ನು ಹೊಸದು ಸಿಗುವವರೆಗಿನ ಏರ್ಪಾಡು ಅಂತಲೇ ತಿಳಿಯಿರಿ. ನಟ್ ಬಿಚ್ಚಿದ್ದು ಬಿಚ್ಚಿದ್ದಾಗಿದೆ, ಹೊಸದನ್ನೇ ಹಾಕುವುದು ಮೇಲು ಅಂತ ನನ್ನ ಅಭಿಪ್ರಾಯ.

ಹೊಸದು ತರಲು ಹೋಗುವಾಗ ಹಳೆಯದು ಕೈಯಲ್ಲಿರಲೇಬೇಕು. ಫೋಟೊ ಸಾಲದು. ಸಿಂಗಲ್ ಲಿವರ್ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಾಗಿ ಓಡುವುದು 35 ಮತ್ತು 40 ಮಿ.ಮೀ. ಅಗಲದವು. ಕೆಲವು ಸಣ್ಣ ನಲ್ಲಿಗಳಿಗೆ 25 ಮಿ.ಮೀ. ಇರುತ್ತದೆ. ಅಗಲ ಸರಿಹೋದರೆ ಮುಗಿಯಿತು ಅಂದುಕೊಳ್ಳಬೇಡಿ. ಅಡಿಯಲ್ಲಿ ಎರಡು ಪುಟ್ಟ ಮೊಳಕೆಗಳಿವೆ, ಅವು ಕೂರುವ ಜಾಗ ಹೊಂದಬೇಕು. ಅಡಿ ಚಪ್ಪಟೆಯೋ, ಕಾಲಿರುವ ಎತ್ತರದ್ದೋ ನೋಡಬೇಕು. ಮೇಲಿನ ಚೌಕದ ಕಡ್ಡಿಯ ದಪ್ಪ, ಎತ್ತರ ಹಿಡಿಗೆ ಸರಿಹೋಗಬೇಕು. ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಆಮೇಲೆ ಮಗುಚಿ ಅಡಿಗಳನ್ನು ಹೋಲಿಸಿ. ಒಂದು ಮಿಲಿಮೀಟರ್ ವ್ಯತ್ಯಾಸ ಇದ್ದರೂ ‘ನಡೆಯುತ್ತೆ ತಗೊಳ್ಳಿ’ ಅನ್ನುವ ಮಾತಿಗೆ ಒಪ್ಪಬೇಡಿ.

ನಲ್ಲಿಯ ಮೇಲೆ ಕಂಪನಿ ಹೆಸರಿದ್ದರೆ, ಮನೆ ಕಟ್ಟಿದಾಗಿನ ಬಿಲ್ ಇದ್ದರೆ, ಅಂಗಡಿಗೆ ಹೋಗುವ ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿ. ದೊಡ್ಡ ಕಂಪನಿಗಳು ಹಲವು ವರ್ಷ ವಾರಂಟಿ ಕೊಡುತ್ತವೆ. ಐದು ವರ್ಷದ ನಿಮ್ಮ ನಲ್ಲಿ ಇನ್ನೂ ಅದರೊಳಗೇ ಇರಬಹುದು. ಆದರೆ ಗಡಸು ನೀರು, ಮರಳಿನಿಂದ ಆದ ತೊಂದರೆಗೆ ವಾರಂಟಿ ಇಲ್ಲ ಅಂತ ಎಷ್ಟೋ ಕಾಗದಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನೂ ಓದಿಕೊಳ್ಳಿ. ವಾರಂಟಿ ಮುಗಿದಿದ್ದರೂ ಅದೇ ಕಂಪನಿಯ ಕಾರ್ಟ್ರಿಜ್ ಸಿಕ್ಕರೆ ಇನ್ನೂರು ಮುನ್ನೂರು ಜಾಸ್ತಿಯಾದರೂ ಅದನ್ನೇ ತನ್ನಿ. ಚಿಂತಾಮಣಿಯಲ್ಲಿ ಸಿಗದಿದ್ದರೆ ಕೋಲಾರ ಅಥವಾ ಚಿಕ್ಕಬಳ್ಳಾಪುರದಲ್ಲಿ ಆ ಕಂಪನಿಯ ಸಾಮಾನು ಮಾರುವವರನ್ನು ಕೇಳಿ, ತರಿಸಿಕೊಡುತ್ತಾರೆ.

ಹೊಸದನ್ನು ಹಾಕುವ ಮೊದಲು ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಕೆಲಸ ಇದೆ. ಕಾರ್ಟ್ರಿಜ್ ಕೂರುವ ಬಟ್ಟಲನ್ನು ತೊಳೆಯುವುದು. ಅದರ ತಳ ನುಣ್ಣಗಿರಬೇಕು. ಸುಣ್ಣ ಹಿಡಿದಿದ್ದರೆ ವಿನಿಗರ್ ಅದ್ದಿದ ಬಟ್ಟೆಯಿಂದ ತಿಕ್ಕಿ ತೆಗೆಯಿರಿ. ಚಾಕು, ಉಳಿ, ಸ್ಯಾಂಡ್ ಪೇಪರ್ ಬೇಡ. ಅಲ್ಲಿ ಒಂದು ಗೀರು ಬಿದ್ದರೆ ಹೊಸ ರಬ್ಬರ್ ಕೂಡ ಅಲ್ಲಿಂದಲೇ ಸೋರುತ್ತದೆ. ಆಮೇಲೆ ಬಟ್ಟಲಿನ ಮೇಲೆ ಒಂದು ಮಗ್ ಅನ್ನು ಬೋರಲಾಗಿ ಹಿಡಿದು, ಇನ್ನೊಬ್ಬರಿಗೆ ಕೆಳಗಿನ ಆಂಗಲ್ ಕಾಕ್ ಅನ್ನು ಸ್ವಲ್ಪವೇ ತೆರೆದು ತಕ್ಷಣ ಮುಚ್ಚಲು ಹೇಳಿ. ಒಮ್ಮೆ ತಣ್ಣೀರಿನದು, ಒಮ್ಮೆ ಬಿಸಿನೀರಿನದು. ಪೈಪಿನಲ್ಲಿ ಕೂತ ಮರಳು, ಬಿಳಿ ಚೂರುಗಳು ಹೊರಗೆ ಬರುತ್ತವೆ. ಬಿಸಿನೀರು ಮೈಮೇಲೆ ಹಾರದಂತೆ ಜೋಪಾನ. ಹೀಗೆ ಮಾಡದೆ ಹೊಸ ಕಾರ್ಟ್ರಿಜ್ ಹಾಕಿದರೆ ಆ ಕಸವೆಲ್ಲ ಮೊದಲ ದಿನವೇ ಅದರೊಳಗೆ ನುಗ್ಗುತ್ತದೆ.

ಕೂರಿಸುವಾಗ ಅಡಿಯ ರಬ್ಬರ್ ತನ್ನ ಗುಣಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಫೋಟೊದಲ್ಲಿದ್ದ ದಿಕ್ಕಿಗೇ ಹಿಡಿದು ಒತ್ತಿ. ಮೊಳಕೆಗಳು ತೂತಿಗೆ ಇಳಿದಾಗ ಡಬ್ಬಿ ಅಲ್ಲಾಡದೆ ಸಮವಾಗಿ ನಿಲ್ಲುತ್ತದೆ. ವಾಲಿದ ಹಾಗೆ ಕಂಡರೆ ನಟ್ ಬಿಗಿಯಬೇಡಿ, ತೆಗೆದು ಮತ್ತೆ ಕೂರಿಸಿ. ರಬ್ಬರಿಗೆ ಏನಾದರೂ ಸವರಬೇಕು ಅನಿಸಿದರೆ ಸಿಲಿಕೋನ್ ಗ್ರೀಸ್ ಒಂದೇ, ಅದೂ ತೀರಾ ತೆಳುವಾಗಿ. ವ್ಯಾಸಲೀನ್, ಗಾಡಿ ಗ್ರೀಸ್, ಅಡುಗೆ ಎಣ್ಣೆ ಬೇಡ. ಅಂಥ ಜಿಡ್ಡಿಗೆ ಈ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಟೆಫ್ಲಾನ್ ಟೇಪ್ ಕೂಡ ಇಲ್ಲಿ ಬೇಡ. ನೀರು ತಡೆಯುವುದು ಅಡಿಯ ರಬ್ಬರ್, ನಟ್ಟಿನ ಮರೆ (ತಿರುಪಿನ ಗೆರೆಗಳು) ಅಲ್ಲ.

ನಟ್ ಅನ್ನು ಕೈಯಲ್ಲಿ ಆಗುವಷ್ಟು ಬಿಗಿದು, ಸ್ಪ್ಯಾನರ್‌ನಿಂದ ಕಾಲು ಸುತ್ತಿನಷ್ಟು ಸಾಕು. ಬಿಗಿದ ಮೇಲೆ ಬರೀ ಹಿಡಿಯನ್ನು ತೊಡಿಸಿ ಆಡಿಸಿ ನೋಡಿ. ಬಿಗಿಯಾಗಿ ಸುತ್ತಿದರೆ ನಟ್ ಜಾಸ್ತಿಯಾಗಿದೆ, ಒಂದು ಚೂರು ಸಡಿಲಿಸಿ. ಆಮೇಲೆ ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು ಬಿಚ್ಚಿಡಿ. ಹಿಡಿಯನ್ನು ಅರ್ಧ ತೆರೆದಿಟ್ಟು ಆಂಗಲ್ ಕಾಕ್‌ಗಳನ್ನು ನಿಧಾನವಾಗಿ ತೆರೆಯಿರಿ. ಗಾಳಿ ಹೋಗುವಾಗ ಪಟಪಟ ಸದ್ದಾಗುತ್ತದೆ, ಹೆದರಬೇಡಿ. ನೀರು ಸಮವಾಗಿ ಬಂದ ಮೇಲೆ ನಿಲ್ಲಿಸಿ. ನಟ್ಟಿನ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿ ಹತ್ತು ನಿಮಿಷ ಬಿಡಿ. ಕಾಗದ ಒದ್ದೆಯಾಗದಿದ್ದರೆ ಮುಚ್ಚಳ ಹಾಕಿ. ಒದ್ದೆಯಾದರೆ ನೀರು ನಿಲ್ಲಿಸಿ, ತೆಗೆದು ಮತ್ತೆ ಕೂರಿಸಿ. ಇನ್ನಷ್ಟು ಬಿಗಿದು ಸರಿ ಮಾಡಲು ಹೋಗಬೇಡಿ. ಬಿಸಿನೀರು, ತಣ್ಣೀರು ಅದಲುಬದಲಾದರೆ ಕೆಳಗಿನ ಎರಡು ಕನೆಕ್ಷನ್ ಪೈಪುಗಳನ್ನು ಬದಲಿಸಿ ಹಾಕಿದರೆ ಆಯಿತು.

ಬಚ್ಚಲುಮನೆಯಲ್ಲಿ ಕಾಲು ಸುತ್ತು ತಿರುಗಿಸುವ ನಲ್ಲಿಗಳಿದ್ದರೆ ಅವುಗಳ ಒಳಗಿನದಕ್ಕೆ ನಮ್ಮ ಕಡೆ ಸ್ಪಿಂಡಲ್ ಅಂತಲೇ ಕೇಳಬೇಕು. ಕೆಲಸ ಇದೇ ರೀತಿ. ಅದನ್ನು ತರುವಾಗ ತಲೆಯ ಹಲ್ಲುಗಳ ಎಣಿಕೆ, ಉದ್ದ, ಮುಚ್ಚುವುದು ಎಡಕ್ಕೋ ಬಲಕ್ಕೋ ಇವು ಮೂರು ಹೊಂದಬೇಕು. ಬಿಸಿನೀರಿನದೂ ತಣ್ಣೀರಿನದೂ ಎದುರುಬದುರು ದಿಕ್ಕಿಗೆ ಮುಚ್ಚುವುದುಂಟು. ಇನ್ನು ಹಿತ್ತಿಲಿನ ಹಳೇ ತಿರುಪು ನಲ್ಲಿಗೆ ವಾಷರ್ ಬದಲಿಸಿದರೆ ಸಾಕು, ಅದಕ್ಕೆ ಹತ್ತಿಪ್ಪತ್ತು ರೂಪಾಯಿ. ನೀರನ್ನು ಶವರಿಗೋ ನಲ್ಲಿಗೋ ತಿರುಗಿಸಲು ಗೋಡೆಯೊಳಗೆ ಹುದುಗಿರುವ ಶವರ್ ಡೈವರ್ಟರ್ ಮಾತ್ರ ನೀವು ಮುಟ್ಟಬೇಡಿ, ಪ್ಲಂಬರನ್ನೇ ಕರೆಯಿರಿ. ಇಡೀ ನಲ್ಲಿ ಬದಲಿಸಬೇಕಾದ ಸಂದರ್ಭಗಳೂ ಇವೆ. ಬಾಡಿ ಬಿರುಕು ಬಿಟ್ಟಿದ್ದರೆ, ನಟ್ ಕೂರುವ ಮರೆ ಸವೆದಿದ್ದರೆ, ಹಿತ್ತಾಳೆ ಕೆಂಪಗಾಗಿ ಉದುರುವ ಹಾಗಾಗಿದ್ದರೆ ಹಳೆಯದರ ಆಸೆ ಬಿಡಿ. ಹೆಸರಿಲ್ಲದ ನಲ್ಲಿಗೆ ಎಲ್ಲೂ ಕಾರ್ಟ್ರಿಜ್ ಸಿಗದಿದ್ದರೂ ಅಷ್ಟೇ.

ಐದೇ ವರ್ಷಕ್ಕೆ ಹೋಗಿದ್ದು ಯಾಕೆ ಅಂತ ಕೇಳಿದ್ದೀರಿ. ನಿಮ್ಮ ನೀರಿನಿಂದಲೇ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದಾ? ಸೋಪು ನೊರೆ ಬರುತ್ತದಾ? ಸ್ಟೀಲ್ ಪಾತ್ರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದಾ? ಇಷ್ಟು ನೋಡಿದರೆ ಗಡಸುತನ ಗೊತ್ತಾಗುತ್ತದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಮಾಡಿಸುವಾಗ ಫ್ಲೋರೈಡ್ ಕೂಡ ನೋಡಿ ಅಂತ ಹೇಳಿ. ನಲ್ಲಿಗೂ ಫ್ಲೋರೈಡಿಗೂ ಸಂಬಂಧವಿಲ್ಲ, ಆದರೆ ನಮ್ಮ ಜಿಲ್ಲೆಗಳ ಆಳದ ಬೋರ್‌ವೆಲ್‌ಗಳಲ್ಲಿ ಅದರ ಕಾಟ ಇದೆ, ಮಕ್ಕಳ ಹಲ್ಲು, ದೊಡ್ಡವರ ಮೂಳೆ ಎರಡಕ್ಕೂ ಕೆಟ್ಟದ್ದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬಳಸಬೇಡಿ.

ಗಡಸುತನ ಬಹಳ ಜಾಸ್ತಿ ಇದ್ದರೆ ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವುದು ಒಂದು ದಾರಿ. ಅದು ನೀರಿನ ಕ್ಯಾಲ್ಸಿಯಂ ತೆಗೆದುಕೊಂಡು ಸೋಡಿಯಂ ಬಿಡುತ್ತದೆ, ಆಗಾಗ ಉಪ್ಪು ಹಾಕಿ ಚಾರ್ಜ್ ಮಾಡಬೇಕು. ನಲ್ಲಿ, ಗೀಸರ್, ವಾಷಿಂಗ್ ಮಷಿನ್ ಮೂರಕ್ಕೂ ಒಳ್ಳೆಯದು. ಫ್ಲೋರೈಡ್ ಮಾತ್ರ ಅದರಿಂದ ಹೋಗುವುದಿಲ್ಲ. ಒಂದು ನಲ್ಲಿ ಸೋರಿತು ಅಂತ ಸಾಫ್ಟ್‌ನರ್‌ಗೆ ದುಡ್ಡು ಸುರಿಯಿರಿ ಅಂತ ನಾನು ಹೇಳುವುದಿಲ್ಲ. ಗೀಸರ್ ಎಲಿಮೆಂಟ್ ಕೂಡ ಪದೇಪದೇ ಹೋಗುತ್ತಿದ್ದರೆ ಯೋಚನೆ ಮಾಡಿ.

ಅದಕ್ಕಿಂತ ಮೊದಲು ಕಡಿಮೆ ಖರ್ಚಿನ ಕೆಲಸ ಮಾಡಿ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಒಂದು ವೈ-ಸ್ಟ್ರೈನರ್ ಹಾಕಿಸಿ. ಪೈಪಿನ ನಡುವೆ ಕೂರುವ ಸಣ್ಣ ಜಾಲರಿ ಅದು. ಮರಳು ಅಲ್ಲೇ ನಿಲ್ಲುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ತೊಳೆದರೆ ಸಾಕು. ಕರೆಂಟ್ ಬಹಳ ಹೊತ್ತು ಹೋಗಿ ಬಂದಾಗ ಮೋಟಾರ್ ಶುರುವಾದ ಮೊದಲ ಕೆಲವು ನಿಮಿಷದ ನೀರು ಕದಡಿರುತ್ತದೆ. ಅದನ್ನು ಸಂಪಿಗೆ ಬಿಡದೆ ಗಿಡಗಳಿಗೆ ಬಿಡಿ. ಟ್ಯಾಂಕರ್ ನೀರು ಸಂಪಿಗೆ ಬೀಳುವಾಗ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ. ಸಂಪು, ತಾರಸಿಯ ಟ್ಯಾಂಕ್ ಎರಡನ್ನೂ ವರ್ಷಕ್ಕೆ ಎರಡು ಸಲ ತೊಳೆಸಿ. ತೊಳೆಯುವಾಗ ಕೆಳಗೆ ಇಳಿಯುವ ಗೇಟ್ ವಾಲ್ವ್ ಮುಚ್ಚಿರಲೇಬೇಕು. ಇಲ್ಲದಿದ್ದರೆ ತಳದ ಕೆಸರೆಲ್ಲ ಸೀದಾ ನಿಮ್ಮ ಹೊಸ ಕಾರ್ಟ್ರಿಜ್‌ಗೇ ಬರುತ್ತದೆ. ಅದೇ ದಿನ ಆಂಗಲ್ ಕಾಕ್‌ಗಳನ್ನೂ ಒಮ್ಮೆ ಮುಚ್ಚಿ ತೆರೆಯಿರಿ, ಬಿಗಿದುಕೊಳ್ಳುವುದಿಲ್ಲ.

ಇಷ್ಟು ಮಾಡಿ ಒಂದು ತಿಂಗಳಾದ ಮೇಲೆ ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ಅಂಗೈ ಮೇಲೆ ತಟ್ಟಿ ನೋಡಿ. ಬಿಳಿ ಪುಡಿ ಉದುರಿದರೆ ಸುಣ್ಣ, ಅದನ್ನು ವಿನಿಗರ್‌ನಲ್ಲಿ ತೊಳೆದು ಹಾಕಿ. ಟ್ಯಾಂಕ್ ತೊಳೆಸಿ, ಸ್ಟ್ರೈನರ್ ಹಾಕಿಸಿದ ಮೇಲೂ ಸ್ಟ್ರೈನರ್ ತುಂಬ ಮರಳು ಸಿಕ್ಕುತ್ತಲೇ ಇದ್ದರೆ ತೊಂದರೆ ಮನೆಯೊಳಗಿಲ್ಲ. ಬೋರ್‌ವೆಲ್‌ನ ಕೇಸಿಂಗ್ ಪೈಪು (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಗಟ್ಟಿ ಬಂಡೆಯವರೆಗೆ ಇಳಿಯದೆ ನಿಂತಿರಬಹುದು, ಇಲ್ಲವೇ ಮೋಟಾರ್ ತೀರಾ ತಳದಲ್ಲಿ ಕೂತಿರಬಹುದು. ಮೋಟಾರ್ ಮೇಲೆತ್ತುವವರನ್ನು ಕರೆಸಿ ಅದನ್ನು ನೋಡಿಸಿ.